ಸೋಪಿನ ಚೂರು ಎಣ್ಣೆ ಅಲ್ಲ!

ನಾನು ದಿನಾ ರಾಜಾಜಿನಗರದಿಂದ ಮೆಟ್ರೋ ಹತ್ತಿದರೆ ಸ್ವಲ್ಪ ಹೊತ್ತಲ್ಲೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಸ್ಟೇಷನ್ ಬರುತ್ತೆ. ಆ ಹೆಸರಿನ ಹಿಂದೆ ಒಂದು ಕಥೆ ಇದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ರಫ್ತು ನಿಂತು ಮೈಸೂರು ಸಂಸ್ಥಾನದ ಗಂಧದ ಮರ ಹಾಗೇ ಉಳಿದುಹೋಯ್ತು. ಅದರಿಂದ ಎಣ್ಣೆ ತೆಗೆದರು, 1918ರಲ್ಲಿ ಆ ಎಣ್ಣೆ ಹಾಕಿದ ಸೋಪು ಬಂತು. ಅಂದ್ರೆ ಉಳಿದದ್ದನ್ನು ಉಪಯೋಗಿಸೋದು ನಮ್ಮ ಏರಿಯಾಗೆ ಹೊಸದಲ್ಲ!

ನಮ್ಮಜ್ಜಿ ಕೂಡ ಹಾಗೇ. ಸವೆದ ಸೋಪಿನ ಚೂರುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡ್ತಾರೆ. ಈ ರಜದಲ್ಲಿ ಅದೇ 100 ಗ್ರಾಂ ಚೂರು ಮತ್ತು 500 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ ಅಜ್ಜಿಗೆ ಸೋಪು ಮಾಡಲು ಹೊರಟೆ.

ಲೆಕ್ಕ ಸುಲಭ. 1 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಎರಡೂ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತೆ. ಸೋಡಾ ಉಳಿಯಬಾರದು ಅಂತ 10% ಕಡಿಮೆ ಹಾಕಬೇಕು. ನಾನು ಎಣ್ಣೆ, ಚೂರು ಎರಡನ್ನೂ ಕೂಡಿಸಿ 600 ಗ್ರಾಂಗೆ ಲೆಕ್ಕ ಹಾಕಿ 99 ಗ್ರಾಂ ಸೋಡಾ ಸುರಿದೆ. ತಪ್ಪಾಗಿದ್ದು ಅಲ್ಲೇ. ಚೂರು ಆಗಲೇ ಸೋಪಾಗಿ ಮುಗಿದಿದೆ. ಅದು ಪ್ರಾಡಕ್ಟ್, ರಿಯಾಕ್ಟೆಂಟ್ ಅಲ್ಲ. 500 ಗ್ರಾಂ ಎಣ್ಣೆ ಪೂರ್ತಿ ಸೋಪಾದರೂ ತಗೊಳ್ಳೋದು 91.5 ಗ್ರಾಂ ಮಾತ್ರ. ಉಳಿದ ಏಳೂವರೆ ಗ್ರಾಂ ಸೋಡಾ ಸೋಪಿನೊಳಗೇ ಕೂತಿತು. ಪುಣ್ಯಕ್ಕೆ ಅಜ್ಜಿಗೆ ಕೊಡೋ ಮೊದಲು ನನ್ನ ಕೈಗೆ ಹಚ್ಚಿ ನೋಡಿದೆ. ಉರಿ ಶುರುವಾಯ್ತು, ನಲ್ಲಿ ನೀರಿನ ಕೆಳಗೆ ತುಂಬಾ ಹೊತ್ತು ಕೈ ಹಿಡಿದು ನಿಂತೆ. ಎಪ್ಪತ್ತೆಂಟರ ಅಜ್ಜಿಯ ತೆಳು ಚರ್ಮ ನೆನೆಸಿಕೊಂಡು ಭಯ ಆಯ್ತು.

ಸರಿಯಾದ ಕ್ರಮ ಹೀಗೆ:

1. ಕನ್ನಡಕ, ಗ್ಲೌಸ್ ಹಾಕಿ. ಕಿಟಕಿ ತೆಗೆದಿಡಿ. ಸ್ಟೀಲ್ ಪಾತ್ರೆಯೇ ಇರಲಿ. ಅಲ್ಯೂಮಿನಿಯಂ ಆದ್ರೆ ಸೋಡಾ ಜೊತೆ ಸೇರಿ ಹೈಡ್ರೋಜನ್ ಬಿಡುತ್ತೆ.

2. ಎಣ್ಣೆಗೆ ಮಾತ್ರ ಲೆಕ್ಕ ಹಾಕಿ: 500 ಗ್ರಾಂಗೆ 82 ಗ್ರಾಂ ಸೋಡಾ. ಡಿಜಿಟಲ್ ತಕ್ಕಡಿಯಲ್ಲೇ ತೂಗಿ, ಚಮಚದ ಅಳತೆ ಬೇಡ.

3. 180 ಗ್ರಾಂ ತಣ್ಣೀರಿಗೆ ಸೋಡಾವನ್ನು ನಿಧಾನವಾಗಿ ಹಾಕಿ. ಸೋಡಾ ಮೇಲೆ ನೀರು ಸುರಿಯಲೇಬೇಡಿ, ಕುದಿದು ಸಿಡಿಯುತ್ತೆ.

4. ದ್ರಾವಣ ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಸೇರಿಸಿ, ದೋಸೆ ಹಿಟ್ಟಿನ ಹದ ಬರೋವರೆಗೆ ಕಲಸಿ.

5. ಸ್ನಾನದ ಸೋಪಿನ ಚೂರನ್ನು ತುರಿದು, ಎರಡು ಚಮಚ ಬಿಸಿನೀರಲ್ಲಿ ಮೆತ್ತಗೆ ಮಾಡಿ ಈಗ ಸೇರಿಸಿ. ಬಟ್ಟೆ, ಪಾತ್ರೆ ಸೋಪಿನ ಚೂರು ಬೇಡ.

6. ಅಚ್ಚಿಗೆ ಸುರಿದು ಗಟ್ಟಿಯಾದ ಮೇಲೆ ಗ್ಲೌಸ್ ಹಾಕಿಯೇ ಕತ್ತರಿಸಿ. ಗಾಳಿಯಾಡುವ ಕಡೆ 4ರಿಂದ 6 ವಾರ ಒಣಗಲಿ.

ಎರಡನೇ ಬ್ಯಾಚು ಸರಿಬಂತು. ಅಲ್ಲಲ್ಲಿ ಬಣ್ಣದ ಚುಕ್ಕೆ ಇದೆ, ನೋಡೋಕೆ ಮೊಸಾಯಿಕ್ ನೆಲದ ಥರ. ಅಜ್ಜಿ ದಿನಾ ಅದರಲ್ಲೇ ಕೈ ತೊಳೀತಾರೆ. ಸವೆದ ಚೂರು ಮತ್ತೆ ಅದೇ ಡಬ್ಬಿಗೆ ಬೀಳ್ತಿದೆ.