ಸ್ವರ ಒಡೆದ ಹುಡುಗನು ಯಾರವನು?

(ಓದತಕ್ಕ ವೇದಭಾಗ: 1 ಕೊರಿಂಥ 12:12–26)

ಯೂರೋಪ್ ಖಂಡದ ದೊಡ್ಡ ದೇವಾಲಯಗಳಲ್ಲಿ ಬಹುಕಾಲದ ವರೆಗೆ ಹೆಂಗಸರು ಗಾಯನಮಂಡಲಿಯಲ್ಲಿ ಹಾಡುವ ವಾಡಿಕೆ ಸಾಮಾನ್ಯವಾಗಿ ಇರಲಿಲ್ಲ. ಮೇಲಿನ ಸ್ವರಗಳನ್ನು ಹುಡುಗರೂ ಕೆಳಗಿನ ಸ್ವರಗಳನ್ನು ಪ್ರಾಯಸ್ಥರೂ ಹಾಡುತ್ತಿದ್ದರು. ಆದದರಿಂದ ಇಂಪಾದ ಕಂಠವುಳ್ಳ ಬಡಹುಡುಗನಿಗೆ ಆ ಕಂಠವೇ ಅನ್ನವೂ ವಸ್ತ್ರವೂ ವಿದ್ಯೆಯೂ ಆಗಿತ್ತು. ಮಾರ್ಟಿನ್ ಲೂಥರನು ಸಹ ಐಸೆನಾಖ್ ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದಾಗ ಜೊತೆಯ ಹುಡುಗರ ಕೂಡ ಮನೆಮನೆಯ ಬಾಗಿಲಲ್ಲಿ ಹಾಡಿ ರೊಟ್ಟಿಯನ್ನು ಬೇಡಿದನು.

ಆದರೆ ಹುಡುಗನ ಕಂಠವು ಕೆಲವು ವರುಷಗಳ ಸೊತ್ತು ಮಾತ್ರ. ಪ್ರಾಯ ಬರುವಾಗ ಗಂಟಲಿನ ಗೂಡು ಬೆಳೆಯುತ್ತದೆ. ಅದರೊಳಗಿನ ಸ್ವರತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಸ್ವರವು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇದು ರೋಗವಲ್ಲ, ಹುಡುಗನ ತಪ್ಪೂ ಅಲ್ಲ. ಹಾಗಾದರೆ ನಿನ್ನೆ ಎಲ್ಲರೂ ಮೆಚ್ಚಿದ ಕಂಠವು ಇಂದು ಒಡೆದುಹೋದರೆ ಆ ಹುಡುಗನು ಯಾರವನು? ಮಂಡಲಿಯವನೋ, ಬೀದಿಯವನೋ? ಮೂವರು ಹುಡುಗರ ಚರಿತ್ರೆಯಿಂದ ಇದನ್ನು ವಿಚಾರಿಸೋಣ.

1. ಉಳಿದು ಕಲಿತ ಹುಡುಗನು

ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬವನು 1685ರಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿದನು. ಹತ್ತು ವರುಷ ತುಂಬುವದರೊಳಗೆ ತಾಯಿತಂದೆಗಳಿಬ್ಬರನ್ನೂ ಕಳಕೊಂಡು ಅಣ್ಣನ ಮನೆಯಲ್ಲಿ ಬೆಳೆದನು. 1700ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ದೂರದ ಲೂನೆಬುರ್ಗ್ ಪಟ್ಟಣಕ್ಕೆ ಹೋಗಿ ಪರಿಶುದ್ಧ ಮಿಕಾಯೇಲನ ಹೆಸರಿನ ದೇವಾಲಯದ ಮಂಡಲಿಯನ್ನು ಸೇರಿದನು. ಒಳ್ಳೇ ಕಂಠವುಳ್ಳ ಬಡಹುಡುಗರಿಗೆ ಅಲ್ಲಿ ಸ್ಥಳವಿತ್ತು.

ಆದರೆ ಸ್ವಲ್ಪ ಕಾಲದೊಳಗೆ ಅವನ ಸ್ವರ ಒಡೆಯಿತು. ಒಂದು ದಿನ ಮಂಡಲಿಯಲ್ಲಿ ಹಾಡುತ್ತಿರುವಾಗ ಅವನಿಗೆ ತಿಳಿಯದೆಯೇ ಮೇಲಿನ ಸ್ವರದ ಸಂಗಡ ಕೆಳಗಿನ ಸ್ವರವೂ ಹೊರಟಿತೆಂದೂ, ಎಂಟು ದಿನಗಳ ತನಕ ಮಾತಾಡಿದರೂ ಹಾಡಿದರೂ ಎರಡು ಸ್ವರಗಳು ಜೊತೆಯಾಗಿ ಕೇಳಿಸಿದವೆಂದೂ, ಆ ಮೇಲೆ ಹುಡುಗತನದ ಕಂಠವು ಪೂರಾ ಹೋಯಿತೆಂದೂ 1754ರಲ್ಲಿ ಅಚ್ಚಾದ ಅವನ ಜೀವನವೃತ್ತಾಂತವು ತಿಳಿಸುತ್ತದೆ. ಆದಾಗ್ಯೂ ಅವನ ವಿದ್ಯೆ ಅಲ್ಲಿಗೆ ನಿಲ್ಲಲಿಲ್ಲ. ಅವನು ಅಲ್ಲಿಯೇ ಉಳಿದು ಕಲಿತನು. ಮುಂದೆ ಅವನ ಕೈಯಿಂದ ಬಂದ ದೇವಾಲಯ ಸಂಗೀತವನ್ನು ಲೋಕವು ಇಂದಿನ ವರೆಗೂ ಹಾಡುತ್ತಲಿದೆ.

2. ಬೀದಿಗೆ ಬಿದ್ದ ಹುಡುಗನು

ಯೋಸೆಫ್ ಹೈಡನ್ ಎಂಬವನು 1732ರಲ್ಲಿ ಆಸ್ಟ್ರಿಯಾ ದೇಶದ ಒಂದು ಹಳ್ಳಿಯಲ್ಲಿ, ಗಾಡಿಯ ಚಕ್ರಗಳನ್ನು ಮಾಡುವವನ ಮಗನಾಗಿ ಹುಟ್ಟಿದನು. ಎಂಟು ವರುಷದವನಾಗಿರುವಾಗ ವಿಯೆನ್ನಾದ ಪರಿಶುದ್ಧ ಸ್ತೆಫನನ ದೇವಾಲಯದ ಮಂಡಲಿಯನ್ನು ಸೇರಿದನು. ಅಲ್ಲಿ ಹೊಟ್ಟೆ ತುಂಬ ಊಟವಿರಲಿಲ್ಲ. ಹೊರಗಿನ ಮನೆಗಳಲ್ಲಿ ಹಾಡಲು ಕರೆದರೆ ತಿನ್ನಲಿಕ್ಕೆ ಏನಾದರೂ ಸಿಕ್ಕೀತೆಂಬ ಆಶೆಯಿಂದ ಹೋಗುತ್ತಿದ್ದೆನೆಂದು ಅವನು ಮುದಿಪ್ರಾಯದಲ್ಲಿ ಹೇಳಿಕೊಂಡನು.

ಅವನ ಸ್ವರ ಒಡೆದಾಗ ಮಹಾರಾಣಿಯು ಆ ಹುಡುಗನು ಹಾಡುವದಿಲ್ಲ, ಕೂಗುತ್ತಾನೆಂದು ಹಾಸ್ಯಮಾಡಿದಳಂತೆ. ಅವನ ಸ್ಥಳದಲ್ಲಿ ತಮ್ಮನಾದ ಮಿಕಾಯೇಲನು ಹಾಡಿ ಹೊಗಳಿಕೆಯನ್ನು ಪಡೆದನು. ಕಡೆಗೆ ಜೊತೆಯವನೊಬ್ಬನ ಜುಟ್ಟನ್ನು ಕತ್ತರಿಸಿದ ತುಂಟಾಟವೇ ನೆವವಾಗಿ 1749ರ ಸುಮಾರಿಗೆ ಅವನನ್ನು ಹೊಡೆದು ಹೊರಗೆ ಹಾಕಿದರು. ವಯಸ್ಸು ಹದಿನೇಳು, ಕೈಯಲ್ಲಿ ಹಣವಿಲ್ಲ. ಆಗ ಬಾಗಿಲು ತೆರೆದವನು ಸ್ಪಾಂಗ್ಲರ್ ಎಂಬ ಬಡ ಹಾಡುಗಾರನು. ಹೆಂಡತಿಯನ್ನೂ ಕೂಸನ್ನೂ ಇಟ್ಟುಕೊಂಡು ಇಕ್ಕಟ್ಟಾದ ಅಟ್ಟದಲ್ಲಿ ವಾಸಿಸುತ್ತಿದ್ದ ಅವನು ಈ ಹುಡುಗನಿಗೂ ಅಲ್ಲಿಯೇ ಸ್ಥಳಕೊಟ್ಟನು. ಹೈಡನನು ಇದನ್ನು ಮರೆಯಲಿಲ್ಲ. ತಾನು ಪ್ರಭುವೊಬ್ಬನ ಅರಮನೆಯಲ್ಲಿ ಸಂಗೀತಗಾರರ ಮುಖ್ಯಸ್ಥನಾದ ಮೇಲೆ, 1768ರಲ್ಲಿ, ಸ್ಪಾಂಗ್ಲರನ ಮಗಳಿಗೆ ಅಲ್ಲಿ ಹಾಡುವ ಕೆಲಸವು ದೊರಕುವಂತೆ ಮಾಡಿದನು.

3. ನಗುತ್ತಾ ಬಿಟ್ಟ ಹುಡುಗನು

ಫ್ರಾಂಜ್ ಶೂಬರ್ಟ್ ಎಂಬವನು 1808ರಲ್ಲಿ ಅದೇ ವಿಯೆನ್ನಾದಲ್ಲಿ ಅರಮನೆಯ ದೇವಾಲಯದ ಮಂಡಲಿಗೆ ಸೇರಿದನು. 1812ನೆಯ ಇಸವಿ ಜುಲೈ 26ರಂದು, ಹದಿನೈದು ವರುಷದ ಆ ಹುಡುಗನು ತಾನು ಹಾಡುತ್ತಿದ್ದ ಸಂಗೀತದ ಹಾಳೆಯ ಮೇಲೆ, ಶೂಬರ್ಟನು ಈ ದಿನ ಕಡೇ ಸಾರಿ ಕೋಳಿಯ ಹಾಗೆ ಕೂಗಿದನೆಂದು ಬರೆದಿಟ್ಟನು. ಇದು ನಗೆಯ ಮಾತು. ಆದರೆ ಇಂಥ ನಗೆಯೊಳಗೆ ದುಃಖವೂ ಇರುವದುಂಟೆಂದು ಹುಡುಗರನ್ನು ಬಲ್ಲವರು ತಿಳಿದಿದ್ದಾರೆ. ಅವನು ಇನ್ನೊಂದು ವರುಷ ಆ ವಿದ್ಯಾರ್ಥಿನಿಲಯದಲ್ಲಿ ಉಳಿದನು. ಅದೇ ವರುಷದ ನವಂಬರ ತಿಂಗಳಲ್ಲಿ ಅಣ್ಣನಿಗೆ ಕಾಗದ ಬರೆದು, ಮಧ್ಯಾಹ್ನದ ಸಾಧಾರಣ ಊಟಕ್ಕೂ ರಾತ್ರಿಯ ಬಡ ಊಟಕ್ಕೂ ನಡುವೆ ಎಂಟೂವರೆ ತಾಸುಗಳಾಗುತ್ತವೆ, ಒಂದು ರೊಟ್ಟಿಗೂ ಕೆಲವು ಸೇಬುಗಳಿಗೂ ಆಗುವಷ್ಟು ಚಿಲ್ಲರೆ ಕಳುಹಿಸಬೇಕೆಂದು ಕೇಳಿದನು.

4. ಲೈಪ್ಸಿಗಿನ ಮಂಡಲಿ

ಮೊದಲನೆಯ ಹುಡುಗನಾದ ಬಾಖನು ದೊಡ್ಡವನಾಗಿ 1723ರಿಂದ 1750ರಲ್ಲಿ ತೀರಿಹೋಗುವ ತನಕ ಲೈಪ್ಸಿಗ್ ಪಟ್ಟಣದ ಪರಿಶುದ್ಧ ತೋಮನ ಶಾಲೆಯಲ್ಲಿ ಹಾಡುವ ಹುಡುಗರ ಗುರುವಾಗಿದ್ದನು. ಆ ಮಂಡಲಿಯು 1212ರಲ್ಲಿ ಹುಟ್ಟಿದ್ದು. 1539ರಲ್ಲಿ ಲೈಪ್ಸಿಗ್ ಪಟ್ಟಣವು ಸುವಾರ್ತಾಮತವನ್ನು ಸ್ವೀಕರಿಸಿದ ಮೇಲೆಯೂ ನಿಲ್ಲಲಿಲ್ಲ. 1730ರಲ್ಲಿ ಬಾಖನು ಪಟ್ಟಣದ ಹಿರಿಯರಿಗೆ ಒಂದು ಅರಿಕೆಯನ್ನು ಬರೆದು, ಹುಡುಗರನ್ನು ಹೆಸರು ಹೆಸರಾಗಿ ವಿಂಗಡಿಸಿದನು: ಹಾಡಬಲ್ಲವರು 17, ಇನ್ನೂ ಕಲಿಯಬೇಕಾದವರು 20, ಸಂಗೀತಕ್ಕೆ ಆಗದವರು 17. ನಾಲ್ಕು ದೇವಾಲಯಗಳಿಗೆ ಹಾಡುಗಾರರನ್ನು ಒದಗಿಸಬೇಕಾದ ಗುರುವಿಗೆ ಇಂಥ ಲೆಕ್ಕವು ಅಗತ್ಯವಾಗಿತ್ತು. ನಾವು ಅವನನ್ನು ದೂರಲಾರೆವು. ಆದರೆ ಆ ಕಡೇ ಹದಿನೇಳು ಹುಡುಗರ ಹೃದಯವನ್ನು ಯಾವ ಲೆಕ್ಕದ ಪುಸ್ತಕವೂ ಹೇಳುವದಿಲ್ಲ.

ಆ ಮಂಡಲಿಯು ಇಂದಿಗೂ ಜೀವದಿಂದಿದೆ. ಒಂಭತ್ತರಿಂದ ಹದಿನೆಂಟು ವರುಷದ ಸುಮಾರು ನೂರು ಹುಡುಗರು ಒಂದು ವಿದ್ಯಾರ್ಥಿನಿಲಯದಲ್ಲಿ ವಾಸಿಸುತ್ತಾ ತೋಮನ ದೇವಾಲಯದಲ್ಲಿ ಹಾಡುತ್ತಾರೆ. ಅಲ್ಲಿ ದೊಡ್ಡವರು ಚಿಕ್ಕವರನ್ನು ನೋಡಿಕೊಳ್ಳುವದು ಪದ್ಧತಿ. ಸ್ವರ ಒಡೆದವನು ಕೆಲವು ಕಾಲ ಹಾಡದೆ ಇರುತ್ತಾನೆ; ಆದರೆ ಮನೆಯನ್ನು ಬಿಡುವದಿಲ್ಲ. ಸ್ವರವು ನೆಲೆಗೊಂಡ ಮೇಲೆ ಅವನು ಗಂಡಸರ ಸಾಲಿನಲ್ಲಿ ನಿಂತು, ಹಿಂದೆ ತಾನು ಹಾಡಿದ ಮೇಲಿನ ಭಾಗಕ್ಕೆ ಕೆಳಗಿನಿಂದ ಆಧಾರ ಕೊಡುತ್ತಾನೆ.

5. ನಾವು ಕಲಿಯತಕ್ಕದ್ದು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರ ಮೂಲಕ ಜರ್ಮನ್ ಸಂಗೀತಗಳ ರಾಗಗಳು ಕನ್ನಡ ಸಭೆಗಳಿಗೂ ಬಂದವು. ರಾಗವನ್ನು ಪಡೆದುಕೊಂಡ ನಾವು ಈ ಬುದ್ಧಿಯನ್ನೂ ಪಡೆದುಕೊಳ್ಳೋಣ. ಕ್ರಿಸ್ಮಸ್ ಹಬ್ಬದಲ್ಲಿ ಮುಂದೆ ನಿಲ್ಲಿಸಿ ಹಾಡಿಸಿದ ಹುಡುಗನು ಮುಂದಿನ ವರುಷ ಗಂಟಲು ಒಡೆದು ನಾಚಿ ಹಿಂದಿನ ಮೂಲೆಗೆ ಹೋಗುತ್ತಾನೆ. ಅದರ ಮುಂದಿನ ವರುಷ ಬಾಗಿಲ ಹೊರಗೆ ನಿಲ್ಲುತ್ತಾನೆ. ಆ ಮೇಲೆ ಬರುವದೇ ಇಲ್ಲ. ಹೀಗೆ ಆಗಬಾರದು. ಆ ಕಾಲದಲ್ಲಿ ಅವನನ್ನು ನೋಡಿ ಯಾರೂ ನಗಬಾರದು. ಎತ್ತರದ ಸ್ವರಕ್ಕೆ ಬಲಾತ್ಕಾರ ಮಾಡಬಾರದು. ಸುಲಭವಾಗಿ ಬರುವಷ್ಟನ್ನು ಮೆಲ್ಲಗೆ ಹಾಡಿದರೆ ಸಾಕು. ಚಿಕ್ಕವರಿಗೆ ಪದಗಳನ್ನು ಕಲಿಸುವದು, ತಾಳ ಹಿಡಿಯುವದು, ಪುಸ್ತಕಗಳನ್ನು ಹಂಚುವದು, ಇಂಥ ಒಂದು ಕೆಲಸವನ್ನು ಕೊಟ್ಟು ಅವನನ್ನು ಅದೇ ಬೆಂಚಿನಲ್ಲಿ ಕೂರಿಸತಕ್ಕದ್ದು.

ಹುಡುಗನನ್ನು ಕಂಠಕ್ಕೋಸ್ಕರ ಮಾತ್ರ ಪ್ರೀತಿಸುವ ಮಂಡಲಿಯು ಕಂಠದ ಸಂಗಡ ಹುಡುಗನನ್ನೂ ಕಳಕೊಳ್ಳುತ್ತದೆ. ದೇಹದಲ್ಲಿ ಬಲಹೀನವೆಂದು ಕಾಣುವ ಅಂಗವೂ ಅವಶ್ಯವೆಂದು ಅಪೊಸ್ತಲನು ಕಲಿಸುತ್ತಾನಲ್ಲವೇ? ಹಾಡುವ ಕಾಲದಲ್ಲಿ ನಮ್ಮವನಾಗಿದ್ದ ಹುಡುಗನು ಮೌನದ ಕಾಲದಲ್ಲಿಯೂ ನಮ್ಮವನೇ.

ಆಲೋಚನೆಗೆ ಪ್ರಶ್ನೆಗಳು:

(1) ನಮ್ಮ ಸಭೆಯಲ್ಲಿ ಹಿಂದೆ ಹಾಡುತ್ತಿದ್ದು ಈಗ ಕಾಣಿಸದ ಹುಡುಗರು ಯಾರು?
(2) ಸ್ಪಾಂಗ್ಲರನಂತೆ ನಮ್ಮ ಇಕ್ಕಟ್ಟಾದ ಮನೆಯಲ್ಲಿಯೂ ಯಾರಿಗೆ ಸ್ಥಳಕೊಡಬಹುದು?
(3) 1 ಪೂರ್ವಕಾಲವೃತ್ತಾಂತ 25:8ರ ಪ್ರಕಾರ ಗುರುಗಳನ್ನೂ ಶಿಷ್ಯರನ್ನೂ ಯಾವ ರೀತಿಯಲ್ಲಿ ಎಣಿಸಿದರು? ಇದರಿಂದ ನಮಗೇನು ತಿಳಿಯುತ್ತದೆ?