ಮಾಜಿ ಸೈನಿಕರೂ ಊರಿನ ಆಡಳಿತವೂ
(ಮಾಗಡಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ)

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ಬಂದಿದೆ. ಯುದ್ಧ ಮುಗಿದ ಮೇಲೆ ಯೋಧನನ್ನು ಲೋಕವು ಮರೆಯುವ ರೀತಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ದೊರೆಯಲಾರದು. ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿರುವಾಗ ಎಲ್ಲರ ಬಾಯಲ್ಲಿಯೂ ಸೈನಿಕನ ಹೆಸರು. ಸದ್ದು ಅಡಗಿದ ಮೇಲೆ ಅವನು ಊರಿಗೆ ಬಂದು ಪಡಿತರ ಚೀಟಿಗೂ ಮಗನ ಶಾಲೆಯ ಶುಲ್ಕಕ್ಕೂ ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಾನೆ. ಅವನಿಗಾಗಿ ಸರ್ಕಾರವು ಏರ್ಪಡಿಸಿರುವ ಅನುಕೂಲಗಳಾವುವು, ಅವು ಕಲ್ಯದಂತಹ ಹಳ್ಳಿಯನ್ನು ಎಷ್ಟರ ಮಟ್ಟಿಗೆ ಮುಟ್ಟುತ್ತವೆ, ಮುಟ್ಟದಿದ್ದರೆ ಕೊರತೆ ಎಲ್ಲಿದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

೧. ಹಿಂದಿನವರ ಏರ್ಪಾಡು

ಯೋಧನ ಋಣವನ್ನು ತೀರಿಸುವ ಹೊಣೆ ಊರಿನದು, ಆಳುವವನದು ಎಂಬ ಭಾವನೆ ಕನ್ನಡ ನಾಡಿಗೆ ಹೊಸದಲ್ಲ. ಊರಿಗಾಗಿ, ತುರುಗಳಿಗಾಗಿ ಹೋರಾಡಿ ಸತ್ತವನ ಹೆಸರಿನಲ್ಲಿ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಆ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲು ಗಂಗರ ಕಾಲದ್ದು. ನಾಗತ್ತರನೆಂಬ ನಾಯಕನು ತುಂಬೆಪಾಡಿಯ ಕಾಳಗದಲ್ಲಿ ಮಡಿದನೆಂದೂ, ಅನಂತರ ಎರೆಯಪ್ಪನು ಇರುಗನೆಂಬವನಿಗೆ ಅವನ ಪದವಿಯನ್ನಿತ್ತು ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನೆಂದೂ ಅದು ತಿಳಿಸುತ್ತದೆ. ಕಲ್ಲಿನಲ್ಲಿ ಗೌರವ, ನೆಲದಲ್ಲಿ ಜೀವನೋಪಾಯ: ಎರಡೂ ಜೊತೆಯಾಗಿ ಬರುತ್ತಿದ್ದವು.

ನಮ್ಮ ಕಲ್ಯಕ್ಕೆ ಸಂಬಂಧಿಸಿದ ಇನ್ನೊಂದು ದಾಖಲೆಯನ್ನು ಇಲ್ಲಿ ನೆನೆಯಬೇಕು. ಕ್ರಿ. ಶ. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ತೀರಿಸಿ ಹೊರಡಿಸಿದ ಶಾಸನವು ಶ್ರವಣಬೆಳಗೊಳದಲ್ಲಿದೆ. ಅದೇ ತೀರ್ಪನ್ನು ಹೇಳುವ ಕಲ್ಲು ಕಲ್ಯದಲ್ಲಿಯೂ ಇದೆ. ಮತಸಾಮರಸ್ಯದ ದೃಷ್ಟಿಯಿಂದ ಇದನ್ನು ಎಲ್ಲರೂ ಹೊಗಳುವರು. ಆಡಳಿತದ ದೃಷ್ಟಿಯಿಂದಲೂ ಅದರಲ್ಲಿ ಕಲಿಯಬೇಕಾದ ಪಾಠವೊಂದುಂಟು. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಅದಕ್ಕಾಗಿ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಉಳಿದ ಹಣದಿಂದ ಜಿನಾಲಯಗಳನ್ನು ಜೀರ್ಣೋದ್ಧಾರ ಮಾಡಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಎಷ್ಟು ಜನ, ಯಾವ ಹಣ, ಯಾರ ಹೊಣೆ ಎಂಬ ಮೂರು ಪ್ರಶ್ನೆಗಳಿಗೂ ಈ ಕಲ್ಲು ಉತ್ತರ ಹೇಳುತ್ತದೆ. ಯಾವ ಯೋಜನೆಯನ್ನಾದರೂ ಒರೆಗೆ ಹಚ್ಚಲು ಈ ಮೂರು ಪ್ರಶ್ನೆಗಳು ಸಾಕು.

ಇನ್ನೂ ಈಚಿನ ಕಾಲಕ್ಕೆ ಬಂದರೆ, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ದೊಡ್ಡ ಸೈನ್ಯವು ಚದುರಿತು. ಕೆಲಸವಿಲ್ಲದ ಸಿಪಾಯಿಗಳು ಊರೂರು ತುಂಬಿದರೆ ನಾಡಿಗೆ ನೆಮ್ಮದಿಯಿಲ್ಲವೆಂದು ಅರಿತ ದಿವಾನ್ ಪೂರ್ಣಯ್ಯನವರು ಅವರಲ್ಲಿ ಅನೇಕರನ್ನು ಕಂದಾಚಾರದ ಕಟ್ಟಿಗೆ ಸೇರಿಸಿಕೊಂಡರು. ಕಂದಾಚಾರದವನು ಮನೆಯಲ್ಲಿದ್ದಾಗ ಬೇಸಾಯ ಮಾಡಿಕೊಂಡಿರಬಹುದು. ಆಗ ಸಂಬಳ ಸ್ವಲ್ಪ. ಕೆಲಸಕ್ಕಾಗಿ ಹೊರಗೆ ಹೋದರೆ ಮೇಲೆ ಭತ್ಯ. ಕಾವಲು, ಪೊಲೀಸು ಮೊದಲಾದ ಊರ ಕೆಲಸಗಳು ಅವರಿಂದ ನಡೆಯುತ್ತಿದ್ದವು. ಬಂದೂಕು ಹಿಡಿದ ಕೈಗೆ ನೇಗಿಲನ್ನೂ ಊರ ಕಾವಲನ್ನೂ ಒಟ್ಟಿಗೆ ಕೊಟ್ಟ ಈ ಏರ್ಪಾಡು, ಇಂದು ನಾವು ಪುನರ್ವಸತಿ ಎಂದು ಕರೆಯುವುದರ ಹಳೆಯ ರೂಪವೇ ಆಗಿದೆ.

೨. ಇಂದಿನ ವ್ಯವಸ್ಥೆಯ ಕಟ್ಟು

ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲಾನ್ಸರ್ಸ್ ಪಡೆಯು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲುಗೊಂಡ ಸಂಗತಿ ನಮ್ಮವರಿಗೆಲ್ಲ ಹೆಮ್ಮೆಯದು. ಆ ಯುದ್ಧದಿಂದ ಹಿಂದಿರುಗಿದವರ ಯೋಗಕ್ಷೇಮಕ್ಕಾಗಿಯೇ ೧೯೧೯ರಲ್ಲಿ ಭಾರತೀಯ ಸೈನಿಕರ ಮಂಡಲಿಯು ರೂಪುಗೊಂಡಿತು. ೧೯೫೧ರಲ್ಲಿ ಅದರ ಹೆಸರಿನಲ್ಲಿ ನಾವಿಕರೂ ವೈಮಾನಿಕರೂ ಸೇರಿದರು. ೧೯೭೫ರಲ್ಲಿ ಅದು ಕೇಂದ್ರೀಯ ಸೈನಿಕ ಮಂಡಲಿಯಾಯಿತು. ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಬೇರೆ ಇಲಾಖೆ ಏರ್ಪಟ್ಟುದು ೨೦೦೪ರಲ್ಲಿ.

ಕೇಂದ್ರದ ಕೆಳಗೆ ರಾಜ್ಯ, ರಾಜ್ಯದ ಕೆಳಗೆ ಜಿಲ್ಲೆ. ಕರ್ನಾಟಕದಲ್ಲಿ ಈ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಜಿಲ್ಲಾ ಸೈನಿಕ ಮಂಡಲಿಗೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಆದರೆ ಪ್ರತಿಯೊಂದು ಜಿಲ್ಲೆಗೂ ಬೇರೆಬೇರೆ ಕಚೇರಿಯಿಲ್ಲ; ಕೆಲವು ಕಚೇರಿಗಳು ಹಲವು ಜಿಲ್ಲೆಗಳ ಕೆಲಸವನ್ನು ನೋಡಿಕೊಳ್ಳುತ್ತವೆ. ಮಾಗಡಿ, ಚನ್ನಪಟ್ಟಣ, ಕನಕಪುರ, ರಾಮನಗರ ತಾಲ್ಲೂಕುಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಜಿಲ್ಲೆಯ ಹೆಸರು ಬದಲಾದಂತೆ ಹಳ್ಳಿಯವನ ದಾರಿ ಹತ್ತಿರವಾಗುವುದಿಲ್ಲವಷ್ಟೆ.

ಹಣದ ಮೂಲಗಳಲ್ಲಿ ನಮಗೆಲ್ಲ ಪರಿಚಿತವಾದುದು ಧ್ವಜ ನಿಧಿ. ೧೯೪೯ರಿಂದ ಪ್ರತಿ ವರ್ಷ ಡಿಸೆಂಬರ್ ೭ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತಿದೆ. ಅಂದು ಎದೆಗೆ ಚುಚ್ಚಿಕೊಳ್ಳುವ ಪುಟ್ಟ ಬಾವುಟಕ್ಕೆ ನಾವು ಕೊಡುವ ಕಾಸು ಯೋಧರ, ಮಡಿದವರ ಪತ್ನಿಯರ, ಮಕ್ಕಳ ಸಹಾಯಕ್ಕೆ ಸಲ್ಲುತ್ತದೆ.

೩. ಉದ್ಯೋಗ

ಸಾಮಾನ್ಯ ಸಿಪಾಯಿಯು ಹದಿನೈದು ವರ್ಷ ಸೇವೆ ಸಲ್ಲಿಸಿದರೆ ಪಿಂಚಣಿಗೆ ಅರ್ಹನಾಗುತ್ತಾನೆ. ಹತ್ತೊಂಬತ್ತನೆಯ ವಯಸ್ಸಿಗೆ ಸೇರಿದವನು ಹದಿನೇಳು ವರ್ಷ ದುಡಿದು ಊರಿಗೆ ಬರುವಾಗ ಅವನಿಗೆ ಮೂವತ್ತಾರು. ಮಕ್ಕಳಿನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಬೇರೆ ನೌಕರಿಯವರು ಮೇಲಕ್ಕೆ ಏರುವ ವಯಸ್ಸಿನಲ್ಲಿ ಇವನು ಮೊದಲಿನಿಂದ ಆರಂಭಿಸಬೇಕು. ಆದುದರಿಂದ ಇವನ ವಿಷಯದಲ್ಲಿ ನಿವೃತ್ತಿ ಎಂಬ ಮಾತಿಗೆ ವಿಶ್ರಾಂತಿ ಎಂಬ ಅರ್ಥ ಹೊಂದುವುದಿಲ್ಲ.

ಇದನ್ನರಿತು ಸರ್ಕಾರಗಳು ಮೀಸಲಾತಿಯನ್ನು ಕಲ್ಪಿಸಿವೆ. ಕೇಂದ್ರದ ‘ಸಿ’ ವರ್ಗದ ಹುದ್ದೆಗಳಲ್ಲಿ ನೂರಕ್ಕೆ ೧೦. ರಾಜ್ಯದ ನೇರ ನೇಮಕಾತಿಯಲ್ಲಿಯೂ ನೂರಕ್ಕೆ ೧೦. ರಾಜ್ಯದ್ದು ಅಡ್ಡ ಮೀಸಲಾತಿ; ಎಂದರೆ ಸಾಮಾನ್ಯ ವರ್ಗ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ ಎಂಬ ಪ್ರತಿಯೊಂದು ಪಾಲಿನೊಳಗೂ ಮಾಜಿ ಸೈನಿಕನಿಗೆ ಅವನ ಭಾಗವಿರುತ್ತದೆ.

ವಯಸ್ಸಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಹುದ್ದೆಗೆ ಗರಿಷ್ಠ ವಯೋಮಿತಿ ೨೭ ಎಂದಿರಲಿ. ಅಭ್ಯರ್ಥಿಗೆ ೪೬ ವರ್ಷ, ಸೈನ್ಯದ ಸೇವೆ ೧೭ ವರ್ಷ. ೪೬ರಲ್ಲಿ ೧೭ ಕಳೆದರೆ ೨೯. ವಯೋಮಿತಿಯ ಮೇಲೆ ಮೂರು ವರ್ಷದ ರಿಯಾಯಿತಿ ಸೇರಿಸಿದರೆ ೩೦. ೨೯ ಎಂಬುದು ೩೦ರ ಒಳಗಿರುವುದರಿಂದ ಅವನು ಅರ್ಹ. ನಲವತ್ತಾಯಿತು, ಇನ್ನು ಸರ್ಕಾರಿ ಕೆಲಸವೆಲ್ಲಿ ಎಂದು ಕೈಚೆಲ್ಲಿ ಕುಳಿತವನು ಈ ಸರಳ ವ್ಯವಕಲನವನ್ನು ಅರಿತಿದ್ದರೆ ಅರ್ಜಿ ಹಾಕುತ್ತಿದ್ದನು! ಇದರಂತೆಯೇ, ಮೆಟ್ರಿಕ್ ಮುಗಿಸಿ ಹದಿನೈದು ವರ್ಷ ಸೇವೆ ಮಾಡಿದವನನ್ನು ಪದವಿ ಬೇಡುವ ಕೇಂದ್ರದ ಅನೇಕ ‘ಸಿ’ ವರ್ಗದ ಹುದ್ದೆಗಳಿಗೆ ಅರ್ಹನೆಂದು ಎಣಿಸುವ ನಿಯಮವೂ ಉಂಟು. ಆದರೆ ಒಮ್ಮೆ ಸಿವಿಲ್ ಹುದ್ದೆಗೆ ಸೇರಿದ ಮೇಲೆ ಮೀಸಲಾತಿಯ ಪ್ರಯೋಜನ ಸಾಮಾನ್ಯವಾಗಿ ತೀರಿತು. ಆದಕಾರಣ ಯಾವ ಹುದ್ದೆಗೆ ಮೊದಲು ಹೋಗಬೇಕೆಂಬುದನ್ನು ವಿವೇಚಿಸಿ ಆರಿಸಬೇಕು.

ಖಾಸಗಿ ಕ್ಷೇತ್ರದ ಮಾತು ಬೇರೆ. ಬಿಡದಿಯಲ್ಲಿ ಟೊಯೋಟ ಕಾರ್ಖಾನೆ ೧೯೯೯ರಿಂದ ವಾಹನ ತಯಾರಿಸುತ್ತಿದೆ. ಕನಕಪುರದ ಕಡೆ ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿದೆ. ಆದರೆ ಮಾಜಿ ಸೈನಿಕನೆಂದೊಡನೆ ಜನರ ಕಣ್ಣಿಗೆ ಕಾಣುವುದು ಗೇಟಿನ ಕಾವಲುಗಾರ. ಸೈನ್ಯದಲ್ಲಿ ಅವನು ಭಾರಿ ವಾಹನ ನಡೆಸಿರಬಹುದು, ನಿಸ್ತಂತು ಯಂತ್ರ ರಿಪೇರಿ ಮಾಡಿರಬಹುದು, ಸೇತುವೆ ಕಟ್ಟಿರಬಹುದು, ರೋಗಿಗಳ ಶುಶ್ರೂಷೆ ಮಾಡಿರಬಹುದು. ಆ ವಿದ್ಯೆಯನ್ನು ಕಾರ್ಖಾನೆಗೆ ಅರ್ಥವಾಗುವ ಭಾಷೆಯ ಪ್ರಮಾಣಪತ್ರವಾಗಿ ಮಾಡಿಕೊಳ್ಳದಿದ್ದರೆ ಹದಿನೇಳು ವರ್ಷದ ಅನುಭವವು ಒಂದು ಲಾಠಿಗೆ ಇಳಿಯುತ್ತದೆ. ಸೇವೆಯ ಕೊನೆಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯವು ಏರ್ಪಡಿಸುವ ತರಬೇತಿಗಳ ಉದ್ದೇಶ ಇದನ್ನು ತಪ್ಪಿಸುವುದೇ ಆಗಿದೆ.

೪. ಭೂಮಿ, ಆರೋಗ್ಯ, ವಿದ್ಯೆ

೧೯೬೯ರ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚುವ ಸರ್ಕಾರಿ ಜಮೀನಿನ ನೂರಕ್ಕೆ ೧೦ ಭಾಗವನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಡಲಾಯಿತು. ನೆತ್ತರುಗೊಡಗೆಯ ನೆನಪು ಇಲ್ಲಿ ಬಾರದಿರದು. ಆದರೆ ಬೆಂಗಳೂರಿನ ಸೆರಗಿಗೆ ಬಂದಿರುವ ನಮ್ಮ ತಾಲ್ಲೂಕುಗಳಲ್ಲಿ ಹಂಚಲು ಉಳಿದ ಜಮೀನು ಬಹು ಸ್ವಲ್ಪ. ಸೊನ್ನೆಯ ಹತ್ತನೆಯ ಒಂದು ಪಾಲು ಸೊನ್ನೆಯೇ. ಆದುದರಿಂದ ನಮ್ಮ ಸೀಮೆಯವನು ಭೂಮಿಗಿಂತ ಹೆಚ್ಚಾಗಿ ಉದ್ಯೋಗವನ್ನೂ ಮಕ್ಕಳ ವಿದ್ಯೆಯನ್ನೂ ನೆಚ್ಚಬೇಕಾಗಿದೆ.

ಆರೋಗ್ಯಕ್ಕೆ ೨೦೦೩ರ ಏಪ್ರಿಲ್ ೧ರಿಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ ನಡೆಯುತ್ತಿದೆ. ಒಮ್ಮೆ ವಂತಿಗೆ ಕಟ್ಟಿದ ಪಿಂಚಣಿದಾರನಿಗೂ ಅವನ ಅವಲಂಬಿತರಿಗೂ ಚಿಕಿತ್ಸೆ ದೊರೆಯುತ್ತದೆ.

ವಿದ್ಯಾರ್ಥಿ ಮಿತ್ರರು ಮುಖ್ಯವಾಗಿ ತಿಳಿಯಬೇಕಾದುದು ಪ್ರಧಾನ ಮಂತ್ರಿಗಳ ವಿದ್ಯಾರ್ಥಿವೇತನ. ವೃತ್ತಿಪರ ಪದವಿ ಓದುವ ಮಾಜಿ ಸೈನಿಕರ ಮಕ್ಕಳಿಗೆ ತಿಂಗಳಿಗೆ ಗಂಡುಮಕ್ಕಳಿಗೆ ೨,೫೦೦, ಹೆಣ್ಣುಮಕ್ಕಳಿಗೆ ೩,೦೦೦ ರೂಪಾಯಿ ಎಂದು ೨೦೧೯ರಲ್ಲಿ ನಿಗದಿಯಾಯಿತು. ನಮ್ಮ ಕಾಲೇಜಿನ ಬಿ.ಎ. ತರಗತಿಗೆ ಇದು ಒದಗದು. ಆದರೆ ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ಇಬ್ಬರು ಮಕ್ಕಳವರೆಗೆ ಪದವಿ ತರಗತಿಯ ತನಕ ಸಿಗುವ ವಿದ್ಯಾ ಸಹಾಯಧನವೊಂದಿದೆ. ೨೦೨೫ರ ನವೆಂಬರ್ ೧ರಿಂದ ಅದನ್ನು ಮಗುವಿಗೆ ತಿಂಗಳಿಗೆ ೧,೦೦೦ದಿಂದ ೨,೦೦೦ ರೂಪಾಯಿಗೆ ಏರಿಸಲಾಯಿತು. ಪಿಂಚಣಿಯಿಲ್ಲದ ೬೫ ವರ್ಷ ಮೀರಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೊಡುವ ಮಾಸಿಕ ನೆರವು ೪,೦೦೦ದಿಂದ ೮,೦೦೦ ರೂಪಾಯಿಗೆ ಏರಿತು. ಅರ್ಜಿಯನ್ನು ಅಂತರ್ಜಾಲದಲ್ಲಿ ಹಾಕಬೇಕು. ಜಿಲ್ಲಾ ಸೈನಿಕ ಕಚೇರಿ ಪರಿಶೀಲಿಸಬೇಕು.

೫. ಕೊರತೆ ಎಲ್ಲಿ?

ಈಗ ಬುಕ್ಕರಾಯನ ಶಾಸನದ ಮೂರು ಪ್ರಶ್ನೆಗಳನ್ನು ಇಂದಿನ ವ್ಯವಸ್ಥೆಗೆ ಹಾಕಿ ನೋಡೋಣ. ಎಷ್ಟು ಜನ? ನೂರಕ್ಕೆ ಹತ್ತು ಎಂದು ನಿಯಮ ಹೇಳುತ್ತದೆ. ಯಾವ ಹಣ? ಧ್ವಜ ನಿಧಿಯೂ ಸರ್ಕಾರದ ಆಯವ್ಯಯವೂ ಇವೆ. ಯಾರ ಹೊಣೆ? ಜಿಲ್ಲೆಯ ಮಟ್ಟದವರೆಗೆ ಉತ್ತರವಿದೆ. ಊರಿನ ಮಟ್ಟಕ್ಕೆ ಬಂದಾಗ ಉತ್ತರವಿಲ್ಲ. ೧೯೯೩ರ ಕಾನೂನಿನಂತೆ ಸ್ಥಾಪಿತವಾದ ಗ್ರಾಮ ಪಂಚಾಯಿತಿಯು ನೀರು, ದೀಪ, ರಸ್ತೆ, ಮನೆಗಳನ್ನು ನೋಡಿಕೊಳ್ಳುತ್ತದೆ; ತನ್ನ ವ್ಯಾಪ್ತಿಯಲ್ಲಿ ಮಾಜಿ ಸೈನಿಕರೆಷ್ಟು, ಅವರ ವಿಧವೆಯರೆಷ್ಟು ಎಂದು ಕೇಳಿದರೆ ತಡವರಿಸಬೇಕಾದೀತು.

ಇದರಿಂದ ಹೆಚ್ಚು ಕಷ್ಟಪಡುವವಳು ವಿಧವೆ. ಗಂಡನು ಬದುಕಿದ್ದಾಗ ಕಾಗದಪತ್ರಗಳೆಲ್ಲ ಅವನ ಟ್ರಂಕಿನಲ್ಲಿ. ಅವನು ತೀರಿಕೊಂಡ ಮೇಲೆ ದಾಖಲೆಯಲ್ಲಿ ತನ್ನ ಹೆಸರು ಒಂದು ವಿಧ, ಆಧಾರದಲ್ಲಿ ಇನ್ನೊಂದು ವಿಧ ಎಂಬುದು ಆಕೆಗೆ ತಿಳಿಯುತ್ತದೆ. ಒಂದು ಅಕ್ಷರ ತಿದ್ದಿಸಲು ಎಷ್ಟು ದಿನದ ಕೂಲಿ ಕಳೆಯಬೇಕೆಂಬುದನ್ನು ಹಳ್ಳಿಯಲ್ಲಿ ಹುಟ್ಟಿದ ಯಾರಾದರೂ ಊಹಿಸಬಲ್ಲರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂತಹ ಅನುಭವದಿಂದಲೇ ಹುಟ್ಟಿರಬೇಕು. ಇಲ್ಲಿ ಪೂಜಾರಿಯ ಕೆಟ್ಟತನಕ್ಕಿಂತ ಗುಡಿಯ ದೂರವೇ ದೊಡ್ಡ ತೊಡಕು.

ಹೊಸ ಪ್ರಶ್ನೆಯೊಂದು ಈಗ ಬಾಗಿಲಿಗೆ ಬಂದಿದೆ. ೨೦೨೨ರ ಜೂನ್ ೧೪ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವೆ ನಾಲ್ಕು ವರ್ಷ. ನೂರಕ್ಕೆ ೨೫ರವರೆಗೆ ಸೈನ್ಯದಲ್ಲಿ ಉಳಿಯಬಹುದು. ಉಳಿದವರು ಸುಮಾರು ೧೧.೭೧ ಲಕ್ಷ ರೂಪಾಯಿಯ ಸೇವಾ ನಿಧಿಯೊಡನೆ ಹಿಂದಿರುಗುತ್ತಾರೆ. ಅವರಿಗೆ ಪಿಂಚಣಿಯಿಲ್ಲ, ಪಿಂಚಣಿದಾರ ಮಾಜಿ ಸೈನಿಕನಿಗಿರುವ ಸ್ಥಾನವೂ ಇಲ್ಲ. ಮೊದಲ ತಂಡಗಳಿಗೆ ನಾಲ್ಕು ವರ್ಷ ತುಂಬುವುದು ೨೦೨೬ರ ಕೊನೆ ಮತ್ತು ೨೦೨೭ರ ಆರಂಭದಲ್ಲಿ. ಇವರು ನಮ್ಮ ವಯಸ್ಸಿನವರು. ಮೂವತ್ತಾರರಲ್ಲಿ ಬಂದವನಿಗೆ ಪಿಂಚಣಿಯ ಆಸರೆಯಾದರೂ ಉಂಟು. ಇಪ್ಪತ್ತಮೂರರಲ್ಲಿ ಬಂದವನಿಗೆ ಒಂದು ಗಂಟು ಹಣವೂ ಮುಂದೆ ಉದ್ದವಾದ ಆಯುಷ್ಯವೂ ಇವೆ. ಆ ಹಣ ಮದುವೆಗೋ ಮನೆಗೋ ಕರಗುವ ಮುನ್ನ ಓದನ್ನು ಮುಂದುವರಿಸಲು ದಾರಿ ತೋರಿಸುವವರು ಬೇಕು.

೬. ಮಾಡಬಹುದಾದ ಕೆಲಸ

ಇದಕ್ಕೆಲ್ಲ ಹೊಸ ಕಾನೂನು ಬೇಡ, ಬಹಳ ಹಣವೂ ಬೇಡ. ಮೂರು ಸಲಹೆಗಳನ್ನು ವಾಚಕರ ಮುಂದಿಡುತ್ತೇವೆ.

ಒಂದನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯೂ ಮಾಜಿ ಸೈನಿಕರ ಮತ್ತು ಅವರ ವಿಧವೆಯರ ಒಂದು ಪುಸ್ತಕವನ್ನು ಇಡಲಿ. ಹೆಸರು, ದಳ, ಸೇವಾವಧಿ, ಕಲಿತ ಕಸಬು, ಅವಲಂಬಿತ ಮಕ್ಕಳು ಎಂಬ ಐದು ಅಂಕಣಗಳು ಸಾಕು. ಕಸಬಿನ ಅಂಕಣವಿದ್ದರೆ ಬಿಡದಿಯ ಕಾರ್ಖಾನೆಗೂ ಕೇಳಲು ಅನುಕೂಲ, ಪಂಚಾಯಿತಿಗೂ ಹೇಳಲು ಅನುಕೂಲ.

ಎರಡನೆಯದಾಗಿ, ಮೂರು ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಸೈನಿಕ ಕಚೇರಿಯವರೂ ಕಂದಾಯ ಇಲಾಖೆಯವರೂ ಒಂದೇ ದಿನ ಒಂದೇ ಸೂರಿನಡಿ ಕುಳಿತುಕೊಳ್ಳಲಿ. ಹೆಸರಿನ ತಿದ್ದುಪಡಿ, ಗುರುತಿನ ಚೀಟಿ, ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರ ಇವೆಲ್ಲ ಅಲ್ಲಿಯೇ ಮುಗಿದರೆ ಮಾಗಡಿಯವನು ಐವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಓಡಾಡುವುದು ತಪ್ಪೀತು.

ಮೂರನೆಯದು ನಮ್ಮ ಪಾಲಿನದು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಶಿಬಿರ ನಡೆಸುವುದುಂಟು. ಚರಂಡಿ ತೋಡುವುದೂ ಗಿಡ ನೆಡುವುದೂ ಒಳ್ಳೆಯ ಕೆಲಸಗಳೇ. ಅದರ ಜೊತೆಗೆ ಒಂದು ದಿನ ಹಳ್ಳಿಯ ಜಗಲಿಯ ಮೇಲೆ ಕುಳಿತು ಈ ಅರ್ಜಿಗಳನ್ನು ತುಂಬಿಕೊಟ್ಟರೆ, ಓದು ಬರೆಹ ಬಲ್ಲವರು ಊರಿಗೆ ಸಲ್ಲಿಸಬೇಕಾದ ಸೇವೆ ಸಂದಂತಾಗುತ್ತದೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಅಧ್ಯಾಪಕರು ಇದನ್ನು ಕ್ಷೇತ್ರಕಾರ್ಯವೆಂದು ಮನ್ನಿಸಿದರೆ ಇನ್ನೂ ಉತ್ತಮ.

ನಮ್ಮ ಹಿರಿಯರು ಕಾವಲಿನವರ ಸಂಖ್ಯೆಯನ್ನೂ, ಅವರ ಅನ್ನದ ಮೂಲವನ್ನೂ, ಕೊಡುವವನ ಹೊಣೆಯನ್ನೂ ಕಲ್ಲಿನ ಮೇಲೆ ಬರೆಯಿಸಿದರು. ನಾವು ಅಷ್ಟು ಮಾಡಬೇಕಾಗಿಲ್ಲ; ಪಂಚಾಯಿತಿಯ ಒಂದು ಪುಸ್ತಕದಲ್ಲಿ ಬರೆದರೆ ಸಾಕು. ಆದರೆ ಬರೆಯಬೇಕು, ಬರೆದುದನ್ನು ವರ್ಷ ವರ್ಷವೂ ತೆರೆದು ನೋಡಬೇಕು.