ಬಿಸಿಲ ನಾಡಿನಲ್ಲಿ ಎಲುಬು ಯಾಕೆ ಮೆತ್ತಗಾಗುತ್ತದೆ?
(ಸ್ವಸಹಾಯ ಸಂಘಗಳ ತಿಂಗಳ ಸಭೆಗೆ ಆರೋಗ್ಯ ಪಾಠ – ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕು)

ಪಾಠದ ಉದ್ದೇಶ: ರಿಕೆಟ್ಸ್ ರೋಗದ ಗುರುತು, ಕಾರಣ ಮತ್ತು ತಡೆಯುವ ದಾರಿ ತಿಳಿಯುವುದು. ಮನೆಯ ತಟ್ಟೆಯ ಲೆಕ್ಕ ನೋಡುವುದು. ಸಂಘದಲ್ಲಿ ಒಂದು ನಿರ್ಣಯ ಮಾಡುವುದು.



ಕಲಬುರಗಿ ಜಿಲ್ಲೆ ಅಂದ ಕೂಡಲೇ ಹೊರಗಿನವರು ಮೊದಲು ಹೇಳುವುದು ಬಿಸಿಲಿನ ಮಾತು. ತೊಗರಿ ಹೊಲದಲ್ಲಿ ಕಳೆ ತೆಗೆಯುವ ನಮಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಗಿದ್ದರೆ ಸೂರ್ಯನ ಬೆಳಕು ಕಡಿಮೆಯಾದರೆ ಬರುವ ರೋಗ ನಮ್ಮಲ್ಲಿ ಇರಲಿಕ್ಕೇ ಬಾರದು, ಅಲ್ಲವೇ? ಆದರೆ ಇದೆ. ಭಾರತ ಸರ್ಕಾರ 2016ರಿಂದ 2018ರವರೆಗೆ ದೇಶದ ಮಕ್ಕಳ ಪೌಷ್ಟಿಕತೆಯ ದೊಡ್ಡ ಸಮೀಕ್ಷೆ ಮಾಡಿಸಿತು. ಅದರಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ 14, 5ರಿಂದ 9 ವರ್ಷದವರಲ್ಲಿ 18, 10ರಿಂದ 19 ವರ್ಷದವರಲ್ಲಿ 24 ಮಂದಿಗೆ ವಿಟಮಿನ್ 'ಡಿ' ಕೊರತೆ ಕಂಡುಬಂತು. ಇಷ್ಟು ಬಿಸಿಲಿರುವ ದೇಶದಲ್ಲಿ ಹೀಗೇಕೆ? ಇವತ್ತಿನ ಪಾಠ ಇದೇ ಪ್ರಶ್ನೆಯ ಮೇಲೆ.

1. ರಿಕೆಟ್ಸ್ ಎಂದರೇನು?

ಮನೆ ಕಟ್ಟುವಾಗ ಕಬ್ಬಿಣದ ಸಲಾಕೆ ಕಟ್ಟಿ, ಅದರ ಮೇಲೆ ಸಿಮೆಂಟು ಹಾಕುತ್ತಾರೆ. ಸಿಮೆಂಟು ಬೀಳದಿದ್ದರೆ ಸಲಾಕೆ ಭಾರಕ್ಕೆ ಬಾಗುತ್ತದೆ. ಮಗುವಿನ ಎಲುಬೂ ಹಾಗೆಯೇ. ಬೆಳೆಯುವ ಎಲುಬಿನ ತುದಿಯಲ್ಲಿ ಮೊದಲು ಮೆತ್ತನೆಯ ಭಾಗ ಹುಟ್ಟುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕ ಎಂಬ ಖನಿಜಗಳು ಕೂತಾಗ ಅದು ಗಟ್ಟಿಯಾಗುತ್ತದೆ. ಖನಿಜ ಸಾಲದಿದ್ದರೆ ಎಲುಬು ಮೆತ್ತಗೇ ಉಳಿದು, ಮಗು ನಿಂತು ನಡೆದಾಗ ಮೈಭಾರಕ್ಕೆ ಬಾಗುತ್ತದೆ. ಇದೇ ರಿಕೆಟ್ಸ್. ದೊಡ್ಡವರಿಗೆ ಇದೇ ಕೊರತೆ ಬಂದರೆ ಎಲುಬು ಬಾಗುವುದು ಕಡಿಮೆ, ಆದರೆ ಸೊಂಟ, ತೊಡೆ, ಬೆನ್ನು ಒಳಗಿನಿಂದ ನೋಯುತ್ತವೆ. ಕುಂತವರಿಗೆ ಏಳಲಿಕ್ಕೆ ಆಗುವುದಿಲ್ಲ.

ಇದರಲ್ಲಿ ವಿಟಮಿನ್ 'ಡಿ'ಯ ಕೆಲಸ ಬಾಗಿಲು ತೆಗೆಯುವುದು. ನಾವು ಉಂಡ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಹೋಗಬೇಕಾದರೆ ಈ ವಿಟಮಿನ್ ಬೇಕು. ಅದು ಸಾಕಷ್ಟಿದ್ದರೆ ಉಂಡ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಪಾಲು ಒಳಗೆ ಹೋಗುತ್ತದೆ. ಇಲ್ಲದಿದ್ದರೆ 10ರಿಂದ 15 ಪಾಲು ಮಾತ್ರ. ಬಿಸಿಲು ಚರ್ಮಕ್ಕೆ ತಾಗಿದಾಗ ಈ ವಿಟಮಿನ್ ಚರ್ಮದಲ್ಲೇ ತಯಾರಾಗುತ್ತದೆ. ಊಟದಿಂದ ಸಿಗುವುದು ಸ್ವಲ್ಪವೇ.

2. ಗುರುತುಗಳು

ಕೂಸು ಇದ್ದ ಮನೆಯಲ್ಲಿ ಇವನ್ನು ಗಮನಿಸಬೇಕು:

- ವರ್ಷ ಒಂದೂವರೆ ದಾಟಿದರೂ ಮಗು ನಡೆಯುವುದಿಲ್ಲ. ಹಲ್ಲು ಬರುವುದು ತಡ.
- ನೆತ್ತಿ ಮೆತ್ತಗೇ ಉಳಿದು, ಮುಚ್ಚುವುದು ತಡ.
- ಮಣಿಕಟ್ಟು, ಕಾಲಿನ ಹರಡಿನ ಹತ್ತಿರ ಎಲುಬು ದಪ್ಪ. ಎದೆಗೂಡಿನ ಮೇಲೆ ಸಾಲು ಮಣಿ ಪೋಣಿಸಿದ ಹಾಗೆ ಗಂಟು.
- ನಿಂತರೆ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿರುತ್ತದೆ, ಇಲ್ಲವೇ ಮೊಣಕಾಲು ಒಂದಕ್ಕೊಂದು ಬಡಿಯುತ್ತವೆ.
- ಮೇಲಿಂದ ಮೇಲೆ ಎದೆಯ ಕಫ, ಕೆಮ್ಮು. ಮಗು ಸದಾ ಕಿರಿಕಿರಿ.
- ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದರೆ ಕೂಸಿಗೆ ಫಿಟ್ಸ್ ಬರಬಹುದು. ಇದು ತುರ್ತು. ಕೂಡಲೇ ದವಾಖಾನೆಗೆ ಒಯ್ಯಬೇಕು.

ಒಂದು ಮಾತು ನೆನಪಿರಲಿ. ಎರಡು ವರ್ಷದೊಳಗಿನ ಮಕ್ಕಳ ಕಾಲು ಸ್ವಲ್ಪ ಬಾಗಿರುವುದು ಸಹಜ, ಬೆಳೆದ ಹಾಗೆ ತಾನೇ ನೆಟ್ಟಗಾಗುತ್ತದೆ. ಎರಡು ವರ್ಷ ದಾಟಿದ ಮೇಲೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ಮೇಲಿನ ಬೇರೆ ಗುರುತೂ ಇದ್ದರೆ ತೋರಿಸಲೇಬೇಕು. "ಅದು ಹಣೇಬರಹ, ಅವರಪ್ಪನ ಕಾಲೂ ಹಾಂಗೇ ಇದ್ವು" ಎಂದು ಸುಮ್ಮನಾಗಬೇಡಿ. ತಾಯತ ಕಟ್ಟಿಸಿ ವರ್ಷ ಕಳೆದರೆ ಎಲುಬು ಬಾಗಿದಲ್ಲೇ ಗಟ್ಟಿಯಾಗುತ್ತದೆ. ಬೇಗ ಹಿಡಿದರೆ ಔಷಧದಿಂದಲೇ ಸರಿಹೋಗುವುದು, ತಡವಾದರೆ ಆಪರೇಷನ್ನಿಗೆ ಬರುತ್ತದೆ. ಹೆಣ್ಣು ಮಗುವಾದರೆ ಇನ್ನೂ ಒಂದು ಅಪಾಯ: ಸೊಂಟದ ಎಲುಬು ಸೊಟ್ಟಗೆ ಬೆಳೆದರೆ ಮುಂದೆ ಅವಳ ಹೆರಿಗೆ ಕಷ್ಟವಾಗುತ್ತದೆ.

3. ಇದು ಗೊತ್ತಾದದ್ದು ಹೇಗೆ?

ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ 1650ರಲ್ಲೇ ಈ ರೋಗದ ಮೇಲೆ ಪುಸ್ತಕ ಬರೆದಿದ್ದರು. ಆದರೆ ಕಾರಣ ತಿಳಿಯಲು ಮತ್ತೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಯುರೋಪಿನಲ್ಲಿ ಕಾರ್ಖಾನೆಗಳ ಹೊಗೆ ಮುಸುಕಿದ ಪಟ್ಟಣಗಳ ಬಡ ಮಕ್ಕಳಲ್ಲಿ ರಿಕೆಟ್ಸ್ ತುಂಬಾ ಇತ್ತು. 1919ರಲ್ಲಿ ಲಂಡನ್ನಿನ ಎಡ್ವರ್ಡ್ ಮೆಲನ್ಬಿ ಎಂಬವರು ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ, ಕಾಡ್ ಮೀನಿನ ಲಿವರಿನ ಎಣ್ಣೆ ಕೊಟ್ಟರೆ ರೋಗ ಬರುವುದಿಲ್ಲ ಎಂದು ತೋರಿಸಿದರು. ಅದೇ ವರ್ಷ ಬರ್ಲಿನ್ನಿನ ವೈದ್ಯ ಕರ್ಟ್ ಹುಲ್ಡ್ಶಿನ್ಸ್ಕಿ ವಿಶೇಷ ದೀಪದ ಬೆಳಕಿನಿಂದ ರೋಗ ವಾಸಿಮಾಡಿದರು. ಒಂದೇ ಕೈಗೆ ಬೆಳಕು ಬಿಟ್ಟರೂ ಇನ್ನೊಂದು ಕೈಯ ಎಲುಬೂ ಗಟ್ಟಿಯಾಯಿತು. ಅಂದರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದ ಮೂಲಕ ಇಡೀ ಮೈಗೆ ಹೋಗುತ್ತದೆ ಎಂದಾಯಿತು.

ಹೀಗೆ ಒಬ್ಬರು ಎಣ್ಣೆ ಎಂದರು, ಇನ್ನೊಬ್ಬರು ಬೆಳಕು ಎಂದರು. ಯಾರದು ಸರಿ? ಇದನ್ನು ಮಕ್ಕಳ ಆಸ್ಪತ್ರೆಯಲ್ಲೇ ಪರೀಕ್ಷಿಸಿದವರು ಹೆಣ್ಣುಮಕ್ಕಳು ಎಂಬುದು ನಮಗೆ ಹೆಮ್ಮೆಯ ಮಾತು. ಮೊದಲ ಮಹಾಯುದ್ಧ ಮುಗಿದು ಹಸಿವಿನಿಂದ ಬಳಲುತ್ತಿದ್ದ ವಿಯೆನ್ನಾ ಪಟ್ಟಣಕ್ಕೆ 1919ರಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಹೋದರು. ಅವರೂ ಅವರ ಸಂಗಡಿಗರೂ 1922ರವರೆಗೆ ಅಲ್ಲಿನ ಮಕ್ಕಳನ್ನು ನೋಡಿಕೊಂಡು, ಮೀನೆಣ್ಣೆಯಿಂದಲೂ ಬಿಸಿಲಿನಿಂದಲೂ ರೋಗ ವಾಸಿಯಾಗುತ್ತದೆ ಎಂದು ಸಾಬೀತು ಮಾಡಿದರು. ಇಬ್ಬರೂ ಹೇಳಿದ್ದು ಸರಿಯಾಗಿತ್ತು. 1922ರಲ್ಲಿ ಅಮೆರಿಕದ ಮೆಕಾಲಮ್ ಅವರು ಮೀನೆಣ್ಣೆಯಲ್ಲಿದ್ದ ಆ ಸತ್ವ ಹೊಸದೊಂದು ವಿಟಮಿನ್ ಎಂದು ತೋರಿಸಿದರು. ಅದಕ್ಕೆ 'ಡಿ' ಎಂಬ ಹೆಸರು ಬಂತು.

ನಮ್ಮ ಹತ್ತಿರದ ಕಥೆಯೂ ಇದೆ. 1922ರಲ್ಲೇ ಹಚಿಸನ್ ಮತ್ತು ಷಾ ಎಂಬವರು ಮಹಾರಾಷ್ಟ್ರದ ನಾಸಿಕದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಅನುಕೂಲಸ್ಥರ ಮನೆಗಳಲ್ಲಿ ಪರದೆಯೊಳಗೆ ಬೆಳೆದ ಮಕ್ಕಳಲ್ಲಿ ರಿಕೆಟ್ಸ್ ಹೆಚ್ಚಿತ್ತು. ಹೊರಗೆ ಮೈಬಿಟ್ಟು ಆಡುವ ಬಡ ಮಕ್ಕಳಲ್ಲಿ ಕಡಿಮೆ ಇತ್ತು. ಉಂಡುಟ್ಟ ಮನೆ ಎಂದಮಾತ್ರಕ್ಕೆ ಎಲುಬು ಗಟ್ಟಿ ಎಂದಲ್ಲ.

4. ಬಿಸಿಲಿದ್ದೂ ಕೊರತೆ ಯಾಕೆ?

ಮೊದಲ ಕಾರಣ: ಬಿಸಿಲು ಊರಿಗೆ ಬೀಳುತ್ತದೆ, ಮೈಗೆ ಬೀಳುವುದಿಲ್ಲ. ಬಾಣಂತಿ ಮತ್ತು ಕೂಸನ್ನು ಕತ್ತಲೆ ಕೋಣೆಯಲ್ಲಿ ಇಡುತ್ತೇವೆ. ದೊಡ್ಡವಳಾದ ಹುಡುಗಿಯನ್ನು ಹೊರಗೆ ಬಿಡುವುದಿಲ್ಲ. ಮುಂಬಯಿ, ಪುಣೆ, ಸೊಲ್ಲಾಪುರಕ್ಕೆ ದುಡಿಯಲು ಹೋದವರು ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಮಕ್ಕಳನ್ನು ಕೂಡಿ ಹಾಕಿ ಕೆಲಸಕ್ಕೆ ಹೋಗುತ್ತಾರೆ. ಹೊಲಕ್ಕೆ ಹೋಗುವವರೂ ಮೈತುಂಬ ಸೀರೆ, ಮೇಲೊಂದು ಗಂಡಸರ ಅಂಗಿ, ತಲೆಗೆ ಟವೆಲ್ಲು ಸುತ್ತಿರುತ್ತೇವೆ. ನಮ್ಮ ಕಂದು ಚರ್ಮಕ್ಕೆ ಬಿಳಿ ಚರ್ಮದವರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಕಿಟಕಿಯ ಗಾಜಿನಿಂದ ಬರುವ ಬಿಸಿಲಿನಿಂದ ಈ ಪ್ರಯೋಜನ ಇಲ್ಲ.

ಎರಡನೆಯ ಕಾರಣ ನಮಗೆ ಇನ್ನೂ ಮುಖ್ಯ. ಆಫ್ರಿಕದ ನೈಜೀರಿಯವೂ ಬಿಸಿಲ ನಾಡು. ಅಲ್ಲಿಯ ರಿಕೆಟ್ಸ್ ಇದ್ದ 123 ಮಕ್ಕಳಿಗೆ ವೈದ್ಯರು ಮೂರು ರೀತಿ ಚಿಕಿತ್ಸೆ ಕೊಟ್ಟು ನೋಡಿದರು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. 24 ವಾರದ ಕೊನೆಗೆ ವಿಟಮಿನ್ 'ಡಿ' ಮಾತ್ರ ಕೊಟ್ಟ ಮಕ್ಕಳಲ್ಲಿ ನೂರಕ್ಕೆ 19 ಮಂದಿ ಚೆನ್ನಾಗಿ ಗುಣವಾಗಿದ್ದರು. ಕ್ಯಾಲ್ಸಿಯಂ ಮಾತ್ರ ಕೊಟ್ಟವರಲ್ಲಿ 61, ಎರಡೂ ಕೊಟ್ಟವರಲ್ಲಿ 58. ಅಂದರೆ ಆ ಮಕ್ಕಳಿಗೆ ಮುಖ್ಯ ಕೊರತೆ ಬಿಸಿಲಿನದಲ್ಲ, ತಟ್ಟೆಯಲ್ಲಿ ಕ್ಯಾಲ್ಸಿಯಂ ಇರಲಿಲ್ಲ. ತಿರುಪತಿಯಲ್ಲಿ ನಡೆದ ಅಧ್ಯಯನಗಳೂ ಇದರ ಹತ್ತಿರದ ಮಾತನ್ನೇ ಹೇಳಿವೆ: ಹಳ್ಳಿಯ ಜನರ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ಕಾಳುಕಡಿಯಲ್ಲಿರುವ ಫೈಟೇಟ್ ಹೆಚ್ಚು. ಫೈಟೇಟ್ ಅಂದರೆ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುವ ವಸ್ತು. ಬಾಗಿಲು ತೆರೆದಿದ್ದು ಏನು ಬಂತು, ಒಳಗೆ ಹೋಗಲಿಕ್ಕೆ ಮಾಲೇ ಇಲ್ಲದಿದ್ದರೆ?

5. ನಮ್ಮ ತಟ್ಟೆಯ ಲೆಕ್ಕ

4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2020ರಲ್ಲಿ ಹೇಳಿದೆ. ಸಂಘದ ಲೆಕ್ಕದ ಹಾಗೆ ಇದನ್ನೂ ಕೂಡಿಸಿ ನೋಡೋಣ.

100 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಿಂದ ಸುಮಾರು 28. ಒಂದು ಹಿಡಿ ತೊಗರಿ ಬೇಳೆಯಿಂದ ಸುಮಾರು 22. ಒಟ್ಟು 50. ರೊಟ್ಟಿ, ಬೇಳೆ, ಅನ್ನ, ಕರಿ ಚಹಾ ಇಷ್ಟೇ ಆದರೆ ಮಗುವಿನ ಹೊಟ್ಟೆ ತುಂಬುತ್ತದೆ, ಎಲುಬು ಉಪವಾಸ ಇರುತ್ತದೆ.

ಈಗ ಜಮಾ ಬದಿ ನೋಡಿ. ಒಂದು ಲೋಟ ಹಾಲು, ಇಲ್ಲವೇ ಅಷ್ಟೇ ಮೊಸರು: ಸುಮಾರು 240. 50 ಗ್ರಾಂ ರಾಗಿ ಹಿಟ್ಟಿನಿಂದ ಮಾಡಿದ ಅಂಬಲಿ: 180. ಒಂದು ಚಮಚ ಎಳ್ಳಿನ ಪುಡಿ: ಸುಮಾರು 60. ಒಂದು ಹಿಡಿ ನುಗ್ಗಿ ಸೊಪ್ಪು ಬೇಳೆಯಲ್ಲಿ ಹಾಕಿದರೆ: ಸುಮಾರು 60. ಹಳೆಯ 50 ಸೇರಿ 590 ಆಯಿತು. ಸಾಲ ತೀರಿತು!

ನಮ್ಮ ಅವ್ವಂದಿರ ಅಡುಗೆಯಲ್ಲಿ ಇದೆಲ್ಲ ಇತ್ತು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೆಂತ್ಯ ಪಲ್ಯ, ಹುರಳಿ, ಮಜ್ಜಿಗೆ. ಎಳ್ಳು ಹಚ್ಚಿದ ರೊಟ್ಟಿ ಸಂಕ್ರಾಂತಿಗೆ ಮಾತ್ರ ಯಾಕೆ? ಕಾಳು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬರಿಸಿ ಅಂಬಲಿ ಮಾಡಿದರೆ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಜೊತೆಗೆ ಚಹಾ ಬೇಡ.

ಈಗ ಒಂದು ಕಹಿ ಮಾತು. ಸಂಘದಿಂದ ಸಾಲ ತೆಗೆದು ಎಮ್ಮೆ ಕೊಂಡವರು ಎಷ್ಟೋ ಜನ ಇದ್ದೀರಿ. ಬೆಳಿಗ್ಗೆ-ಸಂಜೆ ಹಾಲು ಡೈರಿಗೆ ಹೋಗುತ್ತದೆ, ಕಂತು ತಪ್ಪದೆ ಕಟ್ಟುತ್ತೀರಿ. ಸಂತೋಷ. ಆದರೆ ಆ ಮನೆಯ ಮಗುವಿನ ಲೋಟದಲ್ಲಿ ಏನಿದೆ? "ಕಂತು ಕಟ್ಟಬೇಕಲ್ರೀ ಸಿಸ್ಟರ್, ಹಾಲು ಮನ್ಯಾಗ ಇಟ್ಕೊಂಡ್ರ ಹ್ಯಾಂಗ?" ಎಂದು ನೀವು ಕೇಳುವುದು ನ್ಯಾಯವೇ. ಎಲ್ಲ ಹಾಲು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೊಂದು ಲೋಟ, ಬಸುರಿಗೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಹಾಕಿ. ಇಂದು ಲೋಟ ಹಾಲು ಉಳಿಸಿ ನಾಳೆ ಕಾಲಿನ ಆಪರೇಷನ್ನಿಗೆ ಸಾಲ ಮಾಡುವುದು ಲಾಭದ ವ್ಯವಹಾರ ಅಲ್ಲ.

6. ತಾಯಿಯಿಂದ ಮಗುವಿಗೆ

2005ರಲ್ಲಿ ಪ್ರಕಟವಾದ ಲಖನೌದ ಅಧ್ಯಯನದಲ್ಲಿ 207 ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 84 ಮಂದಿಗೆ ವಿಟಮಿನ್ 'ಡಿ' ಕೊರತೆ ಇತ್ತು. ಪಟ್ಟಣದವರೂ ಇದ್ದರು, ಹಳ್ಳಿಯವರೂ ಇದ್ದರು. ತಾಯಿಯಲ್ಲಿ ಕಡಿಮೆ ಇದ್ದರೆ ಹುಟ್ಟುವ ಕೂಸಿನಲ್ಲೂ ಕಡಿಮೆ. ಎದೆಹಾಲೇ ಕೂಸಿಗೆ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಈ ವಿಟಮಿನ್ ಕಡಿಮೆ. ಅದಕ್ಕೇ ವೈದ್ಯರು ಕೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಬರೆದುಕೊಡುತ್ತಾರೆ. ಅದನ್ನು ತಪ್ಪದೆ ಹಾಕಿ.

ಬಸುರಿಯರಿಗೆ ಸರ್ಕಾರದ 2014ರ ಮಾರ್ಗಸೂಚಿಯ ಪ್ರಕಾರ 14ನೇ ವಾರದಿಂದ ಹೆರಿಗೆಯಾಗಿ 6 ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ. ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ 'ಡಿ' ಇರುತ್ತದೆ. ಊಟದ ಜೊತೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಯ ಜೊತೆ ಸೇರಿಸಬಾರದು, ಕನಿಷ್ಠ ಎರಡು ತಾಸು ಅಂತರ ಇರಲಿ. ಮಾತ್ರೆ ಡಬ್ಬಿಯಲ್ಲಿ ಉಳಿದರೆ ಎಲುಬಿಗೆ ಹೋಗುವುದಿಲ್ಲ, ಇದನ್ನು ಅತ್ತೆಯರೂ ತಿಳಿಯಬೇಕು.

7. ಮಾಡಬೇಕಾದದ್ದು, ಮಾಡಬಾರದ್ದು

- ಬಿಸಿಲು: ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡ ಇರುವಾಗ ಬೀಳುವ ಬಿಸಿಲಿನಲ್ಲಿ ವಿಟಮಿನ್ ಚೆನ್ನಾಗಿ ತಯಾರಾಗುತ್ತದೆ. ಚಳಿಗಾಲದಲ್ಲಿ 11 ಗಂಟೆಯ ಮೇಲೆ ಮುಖ, ಕೈ, ಕಾಲಿಗೆ 15ರಿಂದ 30 ನಿಮಿಷ, ವಾರಕ್ಕೆ ಮೂರು-ನಾಲ್ಕು ದಿನ. ನಮ್ಮ ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ಬೇಡ, 10 ಗಂಟೆಯ ಸುಮಾರಿಗೆ ಸ್ವಲ್ಪ ಹೊತ್ತು ಸಾಕು. ಎಳೆಗೂಸನ್ನು ಉರಿಬಿಸಿಲಿಗೆ ಇಡಬೇಡಿ. ಪರದೆ ಪಾಲಿಸುವ ಅಕ್ಕಂದಿರು ಮಾಳಿಗೆಯ ಮೇಲೆ, ಹಿತ್ತಲಲ್ಲಿ ತೋಳು ಮೇಲೇರಿಸಿ ಕೂಡಬಹುದು.
- ಅಂಗನವಾಡಿ ಮತ್ತು ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋಗುತ್ತಿದೆಯೇ, ನೋಡಿ ಬನ್ನಿ. ಎಣ್ಣೆ, ಹಾಲಿನ ಪ್ಯಾಕೆಟ್ ಮೇಲೆ ಪ್ಲಸ್ ಮತ್ತು ಎಫ್ ಗುರುತಿದ್ದರೆ ಅದರಲ್ಲಿ ವಿಟಮಿನ್ 'ಎ', 'ಡಿ' ಸೇರಿಸಿದ್ದಾರೆ ಎಂದರ್ಥ.
- ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ರಿಕೆಟ್ಸ್ ಕೂಡ ಇದೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಬಿಡಬೇಡಿ, ಕಾಲು-ಮಣಿಕಟ್ಟು ನೋಡಿ ಎಂದು ನೀವೇ ಕೇಳಿ.
- ಪರೀಕ್ಷೆ ಎಂದರೆ ಮಣಿಕಟ್ಟಿನ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ.
- ಅಂಗಡಿಯಿಂದ 60,000 ಯೂನಿಟ್‌ನ ಪುಡಿ ತಂದು ನಿಮ್ಮಷ್ಟಕ್ಕೆ ಮೇಲಿಂದ ಮೇಲೆ ಕುಡಿಸಬೇಡಿ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಕಿಡ್ನಿಗೆ ತೊಂದರೆ ಬರುತ್ತದೆ.
- ಔಷಧ ಕೊಟ್ಟೂ ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಮತ್ತೆ ತೋರಿಸಿ. ಕಿಡ್ನಿಯ ಕಾಯಿಲೆಯಿಂದ, ವಂಶದಿಂದ ಬರುವ ಬೇರೆ ರಿಕೆಟ್ಸ್‌ಗಳೂ ಇವೆ.
- ನೀರು: ನಮ್ಮ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಗುವಿನ ಎಲುಬಿಗೆ ಫ್ಲೋರೈಡ್ ಇನ್ನಷ್ಟು ಕೆಡಕು ಮಾಡುತ್ತದೆ. ನೀರಿನ ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಮನೆಗಳಲ್ಲಿ ತಡವಾಗಿ ನಡೆದ, ಕಾಲು ಬಾಗಿದ ಮಕ್ಕಳು ಇದ್ದಾರೆಯೇ? ಯಾರಿಗೆ ತೋರಿಸಿದ್ದೀರಿ?
2. ನಿನ್ನೆ ನಿಮ್ಮ ಮಗು ಏನೇನು ಉಂಡಿತು? ಕ್ಯಾಲ್ಸಿಯಂ ಲೆಕ್ಕ ಹಾಕಿ.
3. ಎಮ್ಮೆ ಇರುವ ಮನೆಯಲ್ಲಿ ಹಾಲು ಮೊದಲು ಯಾರಿಗೆ ಸಿಗುತ್ತದೆ? ಗಂಡು ಮಗುವಿಗೆ ಎಷ್ಟು, ಹೆಣ್ಣು ಮಗುವಿಗೆ ಎಷ್ಟು?
4. ಬಾಣಂತಿ ಕೋಣೆಗೆ ಗಾಳಿ-ಬೆಳಕು ಬರುವಂತೆ ಮಾಡಲು ಮನೆಯ ಹಿರಿಯರನ್ನು ಹೇಗೆ ಒಪ್ಪಿಸುವುದು?

ಸಂಘದ ನಿರ್ಣಯಕ್ಕೆ ಸಲಹೆ: "ಹೈನುಗಾರಿಕೆಗೆ ಸಾಲ ಪಡೆದ ಪ್ರತಿ ಸದಸ್ಯೆಯೂ ದಿನಕ್ಕೆ ಮಗುವಿಗೊಂದು ಲೋಟ ಹಾಲು ತೆಗೆದಿಟ್ಟ ಮೇಲೆಯೇ ಡೈರಿಗೆ ಹಾಕತಕ್ಕದ್ದು. ಪ್ರತಿ ಮನೆಯ ಹಿತ್ತಲಲ್ಲಿ ಒಂದು ನುಗ್ಗಿ ಗಿಡ ನೆಡತಕ್ಕದ್ದು." ಒಪ್ಪಿಗೆಯಾದರೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಮುಂದಿನ ತಿಂಗಳ ಸಭೆಯಲ್ಲಿ ಉಳಿತಾಯ ಕೇಳಿದ ಹಾಗೆಯೇ ಇದನ್ನೂ ಒಬ್ಬೊಬ್ಬರನ್ನೇ ಕೇಳೋಣ.